ಪ್ರೋಗ್ರಾಂಗಳ ನಡುವೆ ಮಾತು ಬೆಸೆದ ಡೆನ್ನಿಸ್ ರಿಚಿ

ದೇವಿಕೊಪ್ಪ: ಮಲೆನಾಡಿನ ಸೆರಗಿಗೆ ತಾಗಿರುವ ಕಲಘಟಗಿ ತಾಲ್ಲೂಕಿನಲ್ಲಿ ಭತ್ತ, ಗೋವಿನಜೋಳದ ಬಿತ್ತನೆಗೆ ಮುನ್ನ ಮುಗಿಲು ನೋಡುವುದು ತಲೆಮಾರುಗಳ ರೂಢಿ. ಈಗ ಅದರೊಂದಿಗೆ ಮೊಬೈಲಿನಲ್ಲಿ ಮಳೆಯ ಮುನ್ಸೂಚನೆ ನೋಡುವ ರೂಢಿಯೂ ಸೇರಿದೆ. ದೇವಿಕೊಪ್ಪದ ಗದ್ದೆಯಿರಲಿ, ನವಲಗುಂದ, ಅಣ್ಣಿಗೇರಿಗಳ ಎರೆಹೊಲವಿರಲಿ, ಅಲ್ಲಿಗೆ ಬಂದು ತಲುಪುವ ಮುನ್ಸೂಚನೆಯ ಹಿಂದೆ ದೂರದ ಮಹಾಗಣಕಗಳಲ್ಲಿ ಓಡುವ ಲೆಕ್ಕಾಚಾರದ ಪ್ರೋಗ್ರಾಂಗಳಿವೆ. ಅವುಗಳ ಬಹುಭಾಗ ಫೋರ್ಟ್ರಾನ್ ಎಂಬ ಹಳೆಯ ಗಣಕಭಾಷೆಯಲ್ಲಿದೆ. ಆದರೆ ಅವು ಕಾಲೂರಿ ನಿಂತಿರುವ ನೆಲ ಯುನಿಕ್ಸ್ ವಂಶದ ಕಾರ್ಯಾಚರಣಾ ವ್ಯವಸ್ಥೆ. ಹೊರಗಿನ ಪ್ರೋಗ್ರಾಂಗಳೊಡನೆ ಅವು ವ್ಯವಹರಿಸುವ ದಾರಿ ಸಿ ಭಾಷೆ. ಈ ಎರಡರಲ್ಲೂ ಒಬ್ಬ ವ್ಯಕ್ತಿಯ ಕೈಗುರುತು ಎದ್ದು ಕಾಣುತ್ತದೆ. ಅವರೇ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿ ಡೆನ್ನಿಸ್ ರಿಚಿ.

ರಿಚಿಯವರ ಸಾಧನೆಯನ್ನು ಅಳೆಯಲು ಒಂದು ಸಣ್ಣ ಪ್ರಶ್ನೆ ಸಾಕು. ವಿಜ್ಞಾನಿಯೊಬ್ಬರು ಬರೆದು ಯಂತ್ರಭಾಷೆಗೆ ಪರಿವರ್ತಿಸಿಟ್ಟ ಲೆಕ್ಕದ ಪ್ರೋಗ್ರಾಂ ಓಡುತ್ತಿರುವಾಗಲೇ ಗಣಕಕ್ಕೆ ಒಂದು ಆಜ್ಞೆ ಕೊಟ್ಟು, ಅದರಿಂದ ಬಂದ ಉತ್ತರವನ್ನು ತಾನೇ ಓದಿಕೊಳ್ಳಬಲ್ಲುದೇ? ಇಂದು ಎಷ್ಟು ಕಡತಗಳು ಬಂದಿವೆ, ತಾನು ಯಾವ ಯಂತ್ರದ ಮೇಲೆ ಓಡುತ್ತಿದ್ದೇನೆ, ತನ್ನ ಮೂಲಪಾಠದ ಯಾವ ಆವೃತ್ತಿಯಿಂದ ಈ ಲೆಕ್ಕ ಹೊರಟಿದೆ ಎಂಬ ವಿವರಗಳನ್ನು ಕೇಳಿ ತಿಳಿದು, ಫಲಿತಾಂಶದ ತಲೆಬರಹದಲ್ಲಿ ಬರೆದಿಡಬಲ್ಲುದೇ? ಇದು ಬರಿಯ ಅನುಕೂಲದ ಮಾತಲ್ಲ. ಲೆಕ್ಕ ಎಲ್ಲಿಂದ ಬಂತೆಂದು ಹೇಳಲಾರದ ಫಲಿತಾಂಶವನ್ನು ಮುಂದೆ ಯಾರೂ ಪರೀಕ್ಷಿಸಲಾರರು. ಬಲ್ಲುದು ಎಂಬ ಉತ್ತರ ಇಂದು ನಮಗೆ ಸಹಜವೆನಿಸುತ್ತದೆ. ಆ ಸಹಜತೆಯನ್ನು ಕಟ್ಟಿದವರ ಸಾಲಿನಲ್ಲಿ ರಿಚಿ ಮುಂದಿದ್ದಾರೆ.

ಪ್ರಯೋಗಾಲಯದ ಮನೆತನ

ಡೆನ್ನಿಸ್ ರಿಚಿ ಜನಿಸಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದಲ್ಲೇ ದುಡಿದವರು. ದೂರವಾಣಿ ವಿನಿಮಯ ಕೇಂದ್ರಗಳ ಸ್ವಿಚ್ಚಿಂಗ್ ಮಂಡಲಗಳನ್ನು ಕುರಿತು ಅವರು ಸಹೋದ್ಯೋಗಿಗಳೊಡನೆ ಬರೆದ ಗ್ರಂಥ ಆ ಕಾಲದ ಎಂಜಿನಿಯರುಗಳಿಗೆ ಆಧಾರವಾಗಿತ್ತು. ಕುಟುಂಬವು ನ್ಯೂಜೆರ್ಸಿಯ ಸಮಿಟ್ ಪಟ್ಟಣಕ್ಕೆ ಬಂದು ನೆಲೆಸಿತು. ರಿಚಿ ಪ್ರೌಢಶಾಲೆ ಮುಗಿಸಿದ್ದು ಅಲ್ಲಿಯೇ.

ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿ 1963ರಲ್ಲಿ ಭೌತವಿಜ್ಞಾನದಲ್ಲಿ ಪದವಿ ಪಡೆದರು. ಅಲ್ಲಿದ್ದ ಯುನಿವ್ಯಾಕ್ ಗಣಕವನ್ನು ಕುರಿತ ಉಪನ್ಯಾಸವೊಂದು ಅವರ ಆಸಕ್ತಿಯನ್ನು ಬೇರೆಡೆಗೆ ತಿರುಗಿಸಿತು. ಭೌತವಿಜ್ಞಾನಿಯಾಗುವಷ್ಟು ಜಾಣ್ಮೆ ತನಗಿಲ್ಲವೆಂದು ಅವರೇ ಮುಂದೆ ವಿನೋದವಾಗಿ ಬರೆದುಕೊಂಡದ್ದುಂಟು. ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ತೊಡಗಿ, ಪ್ರೋಗ್ರಾಂಗಳ ರಚನೆ ಮತ್ತು ಲೆಕ್ಕದ ಕ್ಲಿಷ್ಟತೆಯನ್ನು ಕುರಿತು 1968ರಲ್ಲಿ ಪ್ರಬಂಧ ಸಿದ್ಧಪಡಿಸಿದರು. ಆದರೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾದ ರಟ್ಟುಕಟ್ಟಿದ ಪ್ರತಿಯನ್ನು ಅವರು ಒಪ್ಪಿಸಲೇ ಇಲ್ಲ. ಹಾಗಾಗಿ ಡಾಕ್ಟರೇಟ್ ಪದವಿ ಅವರ ಹೆಸರಿಗೆ ಸೇರಲಿಲ್ಲ. ದಶಕಗಳ ಕಾಲ ಕಣ್ಣಿಗೆ ಬೀಳದಿದ್ದ ಆ ಪ್ರಬಂಧವನ್ನು ಕ್ಯಾಲಿಫೋರ್ನಿಯದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯವು 2020ರಲ್ಲಿ ಬೆಳಕಿಗೆ ತಂದಿತು.

ಪ್ರಬಂಧ ಮುಗಿಯುವ ಮೊದಲೇ, 1967ರಲ್ಲಿ, ರಿಚಿ ತಂದೆ ದುಡಿದ ಬೆಲ್ ಪ್ರಯೋಗಾಲಯವನ್ನು ಸೇರಿದ್ದರು. ಮರ್ರೆ ಹಿಲ್‌ನ ಗಣಕ ಸಂಶೋಧನಾ ವಿಭಾಗ ಅವರ ಬಾಳಿನ ಕರ್ಮಭೂಮಿಯಾಯಿತು.

ಮಲ್ಟಿಕ್ಸ್‌ನ ಸೋಲು, ಯುನಿಕ್ಸ್‌ನ ಹುಟ್ಟು

ಆಗ ಬೆಲ್ ಪ್ರಯೋಗಾಲಯವು ಎಂ.ಐ.ಟಿ. ಮತ್ತು ಜನರಲ್ ಎಲೆಕ್ಟ್ರಿಕ್ ಸಂಸ್ಥೆಗಳೊಡನೆ ಕೂಡಿ ಮಲ್ಟಿಕ್ಸ್ ಎಂಬ ಭಾರೀ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುತ್ತಿತ್ತು. ಒಂದೇ ಗಣಕವನ್ನು ನೂರಾರು ಮಂದಿ ಏಕಕಾಲಕ್ಕೆ ಬಳಸಬೇಕೆಂಬುದು ಅದರ ಗುರಿ. ಕೆಲಸ ಹಿಗ್ಗುತ್ತಲೇ ಹೋಯಿತು, ವೆಚ್ಚವೂ ಏರಿತು. 1969ರಲ್ಲಿ ಬೆಲ್ ಪ್ರಯೋಗಾಲಯ ಯೋಜನೆಯಿಂದ ಹೊರಬಂದಿತು.

ಯೋಜನೆ ಕೈಬಿಟ್ಟಿತೇ ಹೊರತು, ಅಲ್ಲಿ ಕಂಡ ಒಳ್ಳೆಯ ಅಂಶಗಳನ್ನು ಮರೆಯಲು ಅದರಲ್ಲಿ ದುಡಿದವರಿಗೆ ಮನಸ್ಸಾಗಲಿಲ್ಲ. ಸಹೋದ್ಯೋಗಿ ಕೆನ್ ಥಾಂಪ್ಸನ್, ಯಾರೂ ಹೆಚ್ಚು ಬಳಸದೆ ಮೂಲೆಗೆ ಬಿದ್ದಿದ್ದ ಪಿ.ಡಿ.ಪಿ.-7 ಎಂಬ ಚಿಕ್ಕ ಗಣಕವನ್ನು ಹಿಡಿದು, ಅದೇ ವರ್ಷ ಕೆಲವೇ ವಾರಗಳಲ್ಲಿ ಒಂದು ಪುಟ್ಟ ವ್ಯವಸ್ಥೆಯ ಚೌಕಟ್ಟನ್ನು ನಿಲ್ಲಿಸಿದರು. ರಿಚಿ ಅವರಿಗೆ ಜೊತೆಯಾದರು. ಮಲ್ಟಿಕ್ಸ್ ಹೆಸರನ್ನು ಅಣಕಿಸುವಂತೆ ಅದಕ್ಕೆ ಯುನಿಕ್ಸ್ ಎಂಬ ಹೆಸರು ಬಿತ್ತು.

ಹೊಸ ಯಂತ್ರ ಕೊಳ್ಳಲು ಹಣ ಬೇಕಾದಾಗ, ಪೇಟೆಂಟ್ ವಿಭಾಗದ ಗುಮಾಸ್ತರಿಗೆ ದಸ್ತಾವೇಜು ಸಿದ್ಧಪಡಿಸುವ ಸೌಲಭ್ಯ ಮಾಡಿಕೊಡುವುದಾಗಿ ಒಪ್ಪಿಕೊಂಡು ಪಿ.ಡಿ.ಪಿ.-11 ಗಣಕವನ್ನು ತರಿಸಿಕೊಂಡರು. ಅದರ ಸ್ಮರಣೆ ಕೇವಲ 24 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅದರೊಳಗೆ ಹಿಡಿಯಲಾರದು. ಆ ಇಕ್ಕಟ್ಟೇ ಯುನಿಕ್ಸ್‌ಗೆ ಮಿತವ್ಯಯದ ಗುಣ ಕಲಿಸಿತು. ಅದರ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರ್‌ನಲ್ಲಿ.

ಮಗು ಮನೆ ಬದಲಿಸಿದರೆ ತಂದೆಯ ವಿಳಾಸ ಬದಲಾಗದು

ಗಣಕದ ಮುಂದೆ ಕುಳಿತವರು ಟೈಪಿಸುವ ಆಜ್ಞೆಯನ್ನು ಓದಿ, ತಕ್ಕ ಪ್ರೋಗ್ರಾಂ ಅನ್ನು ಎಬ್ಬಿಸಿ ಓಡಿಸುವ ಮಧ್ಯವರ್ತಿಗೆ ಶೆಲ್ ಎಂದು ಹೆಸರು. ಒಳಗಿನ ತಿರುಳನ್ನು ಸುತ್ತುವರಿದ ಚಿಪ್ಪು ಎಂಬುದು ಆ ಪದದ ಭಾವ. ಈ ಹೆಸರು ಮಲ್ಟಿಕ್ಸ್ ಕಾಲದ್ದು. ಅದನ್ನು ಇಟ್ಟವರು ಫ್ರಾನ್ಸ್‌ನ ಲೂಯಿ ಪೂಜ್ಯಾಂ.

ಯುನಿಕ್ಸ್‌ನ ತೀರ ಮೊದಲ ದಿನಗಳಲ್ಲಿ ಶೆಲ್ ಒಂದು ಆಜ್ಞೆಯನ್ನು ಓಡಿಸಬೇಕಾದರೆ ತಾನೇ ಜಾಗ ಖಾಲಿ ಮಾಡಬೇಕಿತ್ತು. ಆಜ್ಞೆ ಮುಗಿದ ಮೇಲೆ ಶೆಲ್ ಅನ್ನು ಮತ್ತೆ ಹೊಸದಾಗಿ ತಂದು ಕೂರಿಸಬೇಕಿತ್ತು. ಇಂಥ ಏರ್ಪಾಟಿನಲ್ಲಿ ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದು, ಅದರ ಉತ್ತರಕ್ಕಾಗಿ ಕಾದು ಕುಳಿತುಕೊಳ್ಳುವುದು ಸಾಧ್ಯವಿರಲಿಲ್ಲ. ಥಾಂಪ್ಸನ್ ಮತ್ತು ರಿಚಿ ಇದಕ್ಕೆ ಪರಿಹಾರವಾಗಿ ಫೋರ್ಕ್ ಎಂಬ ಕವಲೊಡೆಯುವ ಕ್ರಮವನ್ನು ತಂದರು. ಬರ್ಕ್ಲಿಯ ವ್ಯವಸ್ಥೆಯೊಂದರಲ್ಲಿ ಈ ಕಲ್ಪನೆ ಆಗಲೇ ಇತ್ತು. ಓಡುತ್ತಿರುವ ಪ್ರೋಗ್ರಾಂ ತನ್ನಂಥದೇ ಇನ್ನೊಂದನ್ನು ಹೆರುತ್ತದೆ. ಹುಟ್ಟಿದ ಮಗು ಬೇರೆ ವೇಷ ತೊಟ್ಟು ಒಪ್ಪಿಸಿದ ಕೆಲಸ ಮಾಡುತ್ತದೆ. ತಂದೆ ಕಾಯುತ್ತದೆ. ಪಿ.ಡಿ.ಪಿ.-7ರಲ್ಲಿ ಈ ಫೋರ್ಕ್‌ಗೆ ಬೇಕಾದದ್ದು ಅಸೆಂಬ್ಲಿ ಭಾಷೆಯ 27 ಸಾಲುಗಳು ಮಾತ್ರ ಎಂದು ರಿಚಿ ಮುಂದೆ ಯುನಿಕ್ಸ್‌ನ ಇತಿಹಾಸ ಬರೆಯುವಾಗ ದಾಖಲಿಸಿದ್ದಾರೆ.

ಅದೇ ಇತಿಹಾಸದಲ್ಲಿ ಅವರು ಒಂದು ಪೇಚಾಟವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹೊಸ ಕ್ರಮ ಕೆಲಸ ಮಾಡಿತೆಂದು ಎಲ್ಲರೂ ಸಂತೋಷದಲ್ಲಿದ್ದಾಗ, ಕಡತಕೋಶ ಬದಲಿಸುವ ಆಜ್ಞೆ ನಿಂತೇ ಹೋಗಿತ್ತು. ಒಂದು ಕೋಶದಿಂದ ಇನ್ನೊಂದಕ್ಕೆ ಹೋಗೆಂದರೆ ಗಣಕ ಕದಲುತ್ತಿರಲಿಲ್ಲ. ಆ ಆಜ್ಞೆಯ ಪ್ರೋಗ್ರಾಂನಲ್ಲಿ ಒಂದಕ್ಷರವನ್ನೂ ಯಾರೂ ತಿದ್ದಿರಲಿಲ್ಲ. ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ಓದಿದ ಮೇಲೆ ಕಾರಣ ಹೊಳೆಯಿತು. ಆಜ್ಞೆ ಈಗ ಓಡುತ್ತಿದ್ದುದು ಮಗುವಿನಲ್ಲಿ. ಮಗು ತನ್ನ ಕೋಶವನ್ನು ಬದಲಿಸಿಕೊಂಡು, ಮರುಕ್ಷಣವೇ ಅಳಿದುಹೋಗುತ್ತಿತ್ತು. ತಂದೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ಕೊನೆಗೆ ಆ ಒಂದು ಆಜ್ಞೆಯನ್ನು ಶೆಲ್‌ನ ಒಳಗೇ ಸೇರಿಸಬೇಕಾಯಿತು.

ಅರ್ಧ ಶತಮಾನ ಕಳೆದರೂ ಈ ನಿಯಮ ಸಡಿಲವಾಗಿಲ್ಲ. ಫೋರ್ಟ್ರಾನ್ ಪ್ರೋಗ್ರಾಂ ಒಳಗಿಂದ ಶೆಲ್‌ಗೆ ಕೋಶ ಬದಲಿಸುವ ಆಜ್ಞೆ ಕೊಟ್ಟು, ಮುಂದಿನ ಸಾಲಿನಲ್ಲಿ ಆ ಕೋಶದ ಕಡತ ತೆರೆಯಹೋಗಿ ನಿರಾಶರಾಗುವ ಸಂಶೋಧನಾ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ. ಶೆಲ್‌ನ ಚರಾಂಶವೊಂದಕ್ಕೆ ಬೆಲೆ ಕೊಟ್ಟು, ಅದನ್ನು ತಮ್ಮ ಪ್ರೋಗ್ರಾಂನಲ್ಲಿ ಓದಲು ಹೊರಟವರಿಗೂ ಇದೇ ಅನುಭವ. ಪರಿಸರದ ಬೆಲೆಗಳು ತಂದೆಯಿಂದ ಮಗುವಿಗೆ ಇಳಿಯುತ್ತವೆ, ಮಗುವಿನಿಂದ ತಂದೆಗೆ ಏರುವುದಿಲ್ಲ. ಮಗು ಕಂಡುಕೊಂಡದ್ದು ತಂದೆಗೆ ತಿಳಿಯಬೇಕಾದರೆ ಇಬ್ಬರ ನಡುವೆ ಬೇರೆಯದೇ ಒಂದು ದಾರಿ ಬೇಕು.

ಕೊಳವೆಯ ಕಲ್ಪನೆ

ಆ ದಾರಿಯ ಕನಸು ಕಂಡವರು ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್ರಾಯ್. ತೋಟಕ್ಕೆ ನೀರು ಹಾಯಿಸುವ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಸೇರಿಸುವಂತೆ ಪ್ರೋಗ್ರಾಂಗಳನ್ನೂ ಜೋಡಿಸಲು ಬರಬೇಕೆಂದು ಅವರು 1964ರಲ್ಲೇ ಬರೆದಿದ್ದರು. 1972ರ ಸುಮಾರಿಗೆ ಅವರ ಒತ್ತಾಯಕ್ಕೆ ಮಣಿದು ಥಾಂಪ್ಸನ್ ಅದನ್ನು ಯುನಿಕ್ಸ್‌ನಲ್ಲಿ ಸಾಕಾರಗೊಳಿಸಿದರು. ಪೈಪ್ ಎಂದರೆ ಗಣಕದ ಸ್ಮರಣೆಯೊಳಗಿನ ಒಂದು ಕೊಳವೆ. ಒಂದು ತುದಿಯಲ್ಲಿ ಒಬ್ಬರು ಅಕ್ಷರ ಸುರಿಯುತ್ತಾರೆ, ಇನ್ನೊಂದು ತುದಿಯಲ್ಲಿ ಮತ್ತೊಬ್ಬರು ಹಿಡಿದುಕೊಳ್ಳುತ್ತಾರೆ.

ಕೊಳವೆ ಕೆಲಸ ಮಾಡಲು ಕಾರಣ ಅದಕ್ಕೂ ಹಿಂದಿನ ಒಂದು ನಿರ್ಧಾರ. ಯುನಿಕ್ಸ್‌ನಲ್ಲಿ ಕಡತ, ಟರ್ಮಿನಲ್, ಮುದ್ರಣಯಂತ್ರ ಎಲ್ಲವೂ ಪ್ರೋಗ್ರಾಂಗೆ ಒಂದೇ ರೀತಿ ಕಾಣುತ್ತವೆ. ಸಾಧನಗಳನ್ನೂ ಕಡತಗಳಂತೆಯೇ ಓದಬಹುದು, ಬರೆಯಬಹುದು ಎಂಬ ಈ ಕಲ್ಪನೆಯಲ್ಲಿ ರಿಚಿಯವರ ಪಾಲು ವಿಶೇಷವಾದದ್ದು. ಬರೆಯುವ ಪ್ರೋಗ್ರಾಂಗೆ ತಾನು ಪರದೆಗೆ ಬರೆಯುತ್ತಿದ್ದೇನೆಯೋ, ಇನ್ನೊಂದು ಪ್ರೋಗ್ರಾಂನ ಬಾಯಿಗೆ ಬರೆಯುತ್ತಿದ್ದೇನೆಯೋ ಎಂಬ ಅರಿವೇ ಬೇಕಿಲ್ಲ. ಹೀಗಾಗಿ ಕೇಳಿಸಿಕೊಳ್ಳುವವರಿಗಾಗಿ ಹೇಳುವವರನ್ನು ತಿದ್ದಿ ಬರೆಯುವ ಪ್ರಮೇಯ ತಪ್ಪಿತು.

ಕೊಳವೆಗೂ ಮಿತಿಯಿದೆ. ಮೊದಲ ಪೈಪುಗಳಲ್ಲಿ ಹಿಡಿಯುತ್ತಿದ್ದುದು 4,096 ಬೈಟ್. ಇಂದಿನ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 65,536 ಬೈಟ್. ಓದುವವರು ಸುಮ್ಮನಿದ್ದರೆ ಕೊಳವೆ ತುಂಬಿ, ಬರೆಯುವವರು ಅಲ್ಲೇ ನಿಲ್ಲುತ್ತಾರೆ. ಮಗು ಮುಗಿಸಲೆಂದು ತಂದೆ, ತಂದೆ ಓದಲೆಂದು ಮಗು, ಹೀಗೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಕೊನೆಯಿಲ್ಲದೆ ಕಾಯುವ ಸ್ಥಿತಿಯೂ ಒದಗಬಹುದು. ಆದ್ದರಿಂದ ಮೊದಲು ಓದಿ ಮುಗಿಸಬೇಕು, ಆಮೇಲೆ ಮಗುವಿನ ಅಂತ್ಯಕ್ಕಾಗಿ ಕಾಯಬೇಕು.

ಸಿ ಭಾಷೆಯ ಉದಯ

ಯುನಿಕ್ಸ್‌ಗೆ ಒಂದು ಉನ್ನತ ಭಾಷೆ ಬೇಕೆನಿಸಿದಾಗ ಥಾಂಪ್ಸನ್ ಮೊದಲು ಕೈಹಾಕಿದ್ದು ಫೋರ್ಟ್ರಾನ್‌ಗೆ ಎಂಬುದು ಕುತೂಹಲದ ಸಂಗತಿ. ಜಾನ್ ಬ್ಯಾಕಸ್ ನೇತೃತ್ವದ ತಂಡ ಐ.ಬಿ.ಎಂ. 704 ಗಣಕಕ್ಕಾಗಿ 1957ರಲ್ಲಿ ಹೊರತಂದ ಫೋರ್ಟ್ರಾನ್ ಅಷ್ಟರಲ್ಲಿ ವಿಜ್ಞಾನಿಗಳ ಮನೆಮಾತಾಗಿತ್ತು. ಥಾಂಪ್ಸನ್ ಆ ಯತ್ನವನ್ನು ಬಹುಬೇಗ ಕೈಬಿಟ್ಟು, ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ್ದ ಬಿ.ಸಿ.ಪಿ.ಎಲ್. ಭಾಷೆಯನ್ನು ಕುಗ್ಗಿಸಿ ಬಿ ಎಂಬ ಭಾಷೆ ಮಾಡಿದರು.

ಬಿ ಭಾಷೆಗೆ ಯಂತ್ರದ ಒಂದು ಪದವೇ ಎಲ್ಲಕ್ಕೂ ಅಳತೆ. ಅಕ್ಷರಕ್ಕೊಂದು, ಸಂಖ್ಯೆಗೊಂದು ಎಂಬ ಭೇದ ಅದಕ್ಕಿರಲಿಲ್ಲ. ಪ್ರತಿ ಬೈಟ್‌ಗೂ ವಿಳಾಸವಿದ್ದ ಪಿ.ಡಿ.ಪಿ.-11ರ ಮೇಲೆ ಈ ಕೊರತೆ ಎದ್ದು ಕಂಡಿತು. ರಿಚಿ 1971ರಿಂದ 1973ರ ನಡುವೆ ಅದಕ್ಕೆ ದತ್ತಾಂಶದ ಪ್ರಕಾರಗಳನ್ನು ಸೇರಿಸಿ, ನೇರವಾಗಿ ಯಂತ್ರಭಾಷೆ ಹೊರಡಿಸುವ ಕಂಪೈಲರ್ ಬರೆದು, ಹೊಸ ಭಾಷೆಯನ್ನಾಗಿ ಬೆಳೆಸಿದರು. ಅದೇ ಸಿ. 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಕಾರ್ಯಾಚರಣಾ ವ್ಯವಸ್ಥೆಯನ್ನು ಅಸೆಂಬ್ಲಿಯಲ್ಲೇ ಬರೆಯಬೇಕೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಇದು ದಿಟ್ಟ ಹೆಜ್ಜೆ. ಅದರ ಫಲವಾಗಿ ಯುನಿಕ್ಸ್ ಒಂದು ಯಂತ್ರದ ಸ್ವತ್ತಾಗಿ ಉಳಿಯಲಿಲ್ಲ. ಸ್ಟೀವ್ ಜಾನ್ಸನ್ ಜೊತೆಗೂಡಿ ರಿಚಿ ಅದನ್ನು ಇಂಟರ್‌ಡೇಟಾ ಎಂಬ ಬೇರೆ ಜಾತಿಯ ಗಣಕಕ್ಕೂ ಸಾಗಿಸಿ ತೋರಿಸಿದರು.

1974ರ ಜುಲೈನಲ್ಲಿ ಥಾಂಪ್ಸನ್ ಮತ್ತು ರಿಚಿ ಬರೆದ ಲೇಖನವು ಯುನಿಕ್ಸ್ ಅನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿತು. ಕಡಿಮೆ ಬೆಲೆಗೆ ವಿಶ್ವವಿದ್ಯಾಲಯಗಳಿಗೆ ದೊರೆತದ್ದರಿಂದ ಅದು ಬೇಗ ಹರಡಿತು. 1978ರಲ್ಲಿ ಬ್ರಯಾನ್ ಕರ್ನಿಗನ್ ಜೊತೆ ರಿಚಿ ಬರೆದ ಸಿ ಭಾಷೆಯ ಪುಸ್ತಕ ಇನ್ನೂರೈವತ್ತು ಪುಟವನ್ನೂ ಮುಟ್ಟದ ಗಾತ್ರದಲ್ಲಿ ಒಂದು ತಲೆಮಾರಿಗೆ ಪ್ರೋಗ್ರಾಂ ಬರೆಯುವ ಹದ ಕಲಿಸಿತು.

ಫೋರ್ಟ್ರಾನ್‌ಗೆ ಸಿ ಕೊಟ್ಟ ಕಿವಿ

ಯುನಿಕ್ಸ್‌ನಲ್ಲಿ ಫೋರ್ಟ್ರಾನ್‌ಗೂ ಜಾಗ ಸಿಕ್ಕಿತು. ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್, ಪೀಟರ್ ವೈನ್‌ಬರ್ಗರ್ ಜೊತೆಗೂಡಿ 1978ರ ಹೊತ್ತಿಗೆ ಫೋರ್ಟ್ರಾನ್ 77ರ ಕಂಪೈಲರ್ ಸಿದ್ಧಪಡಿಸಿದರು. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಅದು ಸೇರಿತು. ಆ ಕಂಪೈಲರ್ ಸಿ ಕಂಪೈಲರ್‌ನ ಹಿಂಭಾಗವನ್ನೇ ಬಳಸಿಕೊಂಡದ್ದರಿಂದ ಫೋರ್ಟ್ರಾನ್ ಮತ್ತು ಸಿ ಒಂದನ್ನೊಂದು ಕರೆಯುವುದು ಸುಲಭವಾಯಿತು. ಅದೇ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಬಂತು. ಒಂದು ಆಜ್ಞೆಯ ಉತ್ತರವನ್ನು ಇನ್ನೊಂದು ಆಜ್ಞೆಯ ಸಾಲಿನೊಳಗೆ ತುಂಬುವ ಸೌಲಭ್ಯ ಅದರಲ್ಲಿತ್ತು. ಸಿ ಭಾಷೆಯ ಗ್ರಂಥಾಲಯಕ್ಕೆ ಪಿ-ಓಪನ್ ಎಂಬ ಕಾರ್ಯವೂ ಸೇರಿತು.

ಪಿ-ಓಪನ್ ಮಾಡುವುದು ಹಿಂದೆ ಹೇಳಿದ ಎಲ್ಲವನ್ನೂ ಒಟ್ಟುಗೂಡಿಸುವ ಕೆಲಸ. ಅದು ಒಂದು ಕೊಳವೆ ಹಾಕುತ್ತದೆ, ಕವಲೊಡೆದು ಮಗುವನ್ನು ಹುಟ್ಟಿಸುತ್ತದೆ, ಮಗುವಿನ ಕೈಗೆ ಶೆಲ್ ಮತ್ತು ಆಜ್ಞೆಯನ್ನು ಕೊಡುತ್ತದೆ, ಕೊಳವೆಯ ಇನ್ನೊಂದು ತುದಿಯನ್ನು ತಂದೆಗೆ ಕಡತದ ರೂಪದಲ್ಲಿ ಒಪ್ಪಿಸುತ್ತದೆ. ತಂದೆ ಸಾಲುಸಾಲಾಗಿ ಓದಿಕೊಂಡರೆ ಆಯಿತು.

ಆದರೆ ಫೋರ್ಟ್ರಾನ್ ಪ್ರಮಾಣಕಕ್ಕೆ ಈ ವಿಷಯ ಬಂದು ತಲುಪಲು ಬಹುಕಾಲ ಹಿಡಿಯಿತು. ದಶಕಗಳವರೆಗೆ ಒಂದೊಂದು ಕಂಪೈಲರ್‌ಗೂ ಒಂದೊಂದು ಪದ್ಧತಿಯಿತ್ತು. ಫೋರ್ಟ್ರಾನ್ 2003 ಎಂಬ ಪ್ರಮಾಣಕವು ಸಿ ಭಾಷೆಯ ಕಾರ್ಯಗಳನ್ನು ಕರೆಯಲು ಅಧಿಕೃತ ದಾರಿ ತೆರೆಯಿತು. ಫೋರ್ಟ್ರಾನ್ 2008, ಆಜ್ಞೆಯನ್ನು ಓಡಿಸಲು ಎಕ್ಸಿಕ್ಯೂಟ್ ಕಮಾಂಡ್ ಲೈನ್ ಎಂಬ ಉಪಕ್ರಮವನ್ನು ಕೊಟ್ಟಿತು. ಅದು ಆಜ್ಞೆಯನ್ನು ಓಡಿಸುತ್ತದೆ, ಗೆದ್ದಿತೇ ಸೋತಿತೇ ಎಂಬ ಸಂಖ್ಯೆಯನ್ನು ತಂದುಕೊಡುತ್ತದೆ. ಆಜ್ಞೆ ಹೇಳಿದ ಮಾತನ್ನು ಮಾತ್ರ ಹಿಡಿದುಕೊಡುವುದಿಲ್ಲ.

ಆದ್ದರಿಂದ ವಿಜ್ಞಾನಿಗಳು ಎರಡು ಹಾದಿ ಹಿಡಿದಿದ್ದಾರೆ. ಒಂದು, ಆಜ್ಞೆಯ ಉತ್ತರವನ್ನು ತಾತ್ಕಾಲಿಕ ಕಡತಕ್ಕೆ ತಿರುಗಿಸಿ, ಆ ಕಡತವನ್ನು ತೆರೆದು ಓದಿ, ಬಳಿಕ ಅಳಿಸುವುದು. ಇದು ಸರಳ, ಆದರೆ ಒಂದೇ ಪ್ರೋಗ್ರಾಂನ ನೂರು ಪ್ರತಿಗಳು ಏಕಕಾಲಕ್ಕೆ ಓಡುವ ಮಹಾಗಣಕದಲ್ಲಿ ಎಲ್ಲವೂ ಒಂದೇ ಹೆಸರಿನ ಕಡತಕ್ಕೆ ಬರೆದರೆ ಒಬ್ಬರ ಉತ್ತರ ಇನ್ನೊಬ್ಬರ ಪಾಲಾಗುತ್ತದೆ. ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡಲೇಬೇಕು. ಇನ್ನೊಂದು, ಸಿ ಭಾಷೆಯ ಪಿ-ಓಪನ್ ಅನ್ನೇ ಫೋರ್ಟ್ರಾನ್‌ನಿಂದ ಕರೆಯುವುದು. ಇಲ್ಲಿ ಎರಡು ಭಾಷೆಗಳ ನಡೆ ಬೇರೆಯೆಂಬುದನ್ನು ನೆನಪಿಡಬೇಕು. ಫೋರ್ಟ್ರಾನ್ ತನ್ನ ಅಕ್ಷರಮಾಲೆಯ ಉಳಿದ ಜಾಗವನ್ನು ಖಾಲಿ ಸ್ಥಳಗಳಿಂದ ತುಂಬುತ್ತದೆ. ಸಿ ತನ್ನ ಅಕ್ಷರಮಾಲೆಯ ಕೊನೆಗೆ ಶೂನ್ಯದ ಗುರುತು ಇಡುತ್ತದೆ. ಆ ಗುರುತನ್ನು ಹಚ್ಚದೆ ಕಳಿಸಿದರೆ ಆಜ್ಞೆ ಎಲ್ಲಿ ಮುಗಿಯಿತೆಂದು ಸಿ ಭಾಷೆಗೆ ತಿಳಿಯದು.

ಕೇಳಿದ್ದೆಲ್ಲ ನಿಜವಲ್ಲ

ರಿಚಿ ಮತ್ತು ಸಂಗಡಿಗರು ಕಟ್ಟಿದ ವ್ಯವಸ್ಥೆಯ ಬಲವೇ ಅದರ ಅಪಾಯವೂ ಹೌದು. ಅದು ಪ್ರೋಗ್ರಾಂ ಬರೆಯುವವರನ್ನು ನಂಬುತ್ತದೆ, ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಪರೀಕ್ಷಿಸುವ ಹೊಣೆ ಬರೆದವರದೇ.

ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. 0 ಎಂದರೆ ಸುಸೂತ್ರ, ಬೇರೆ ಯಾವುದೇ ಸಂಖ್ಯೆ ಎಂದರೆ ತೊಡಕು. ಉತ್ತರವನ್ನು ಓದಿ ಈ ಸಂಖ್ಯೆಯನ್ನು ಓದದಿದ್ದರೆ, ಖಾಲಿ ಉತ್ತರಕ್ಕೂ ನಿಜವಾದ ಶೂನ್ಯಕ್ಕೂ ವ್ಯತ್ಯಾಸ ತಿಳಿಯದು. ಮಳೆಮಾಪಕದ ಕಡತ ಸಿಗದೆ ಬಂದ ಬರಿದನ್ನು ಮಳೆಯೇ ಬಂದಿಲ್ಲವೆಂದು ಲೆಕ್ಕಕ್ಕೆ ಹಿಡಿದರೆ ಏನಾದೀತೆಂದು ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ. ಪೈಪಿನಿಂದ ಜೋಡಿಸಿದ ಆಜ್ಞೆಗಳಲ್ಲಿ ಶೆಲ್ ಸಾಮಾನ್ಯವಾಗಿ ಕೊನೆಯದರ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಮೊದಲಿನದು ಸೋತರೂ ಒಟ್ಟು ಕೆಲಸ ಗೆದ್ದಂತೆಯೇ ತೋರುತ್ತದೆ.

ದೋಷದ ಸಂದೇಶಗಳ ಕಥೆಯೂ ಬೋಧಪ್ರದ. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಛಾಯಾ ಅಕ್ಷರಜೋಡಣೆಯ ಯಂತ್ರ ಬಂದಾಗ, ಉದ್ದನೆಯ ಕಾಗದವನ್ನು ಸಂಸ್ಕರಿಸಿ ಕಾದು ನೋಡಿದರೆ ಅದರಲ್ಲಿ ಲೇಖನದ ಬದಲು ಕಡತ ತೆರೆಯಲಾಗಲಿಲ್ಲ ಎಂಬ ಒಂದು ಸಾಲು ಅಂದವಾಗಿ ಅಚ್ಚಾಗಿರುತ್ತಿತ್ತು. ಗೊಣಗಾಟ ಹೆಚ್ಚಿ, ಕೆಲವೇ ದಿನಗಳಲ್ಲಿ ದೋಷಗಳಿಗೆಂದೇ ಬೇರೊಂದು ಹೊರದಾರಿ ಸಿದ್ಧವಾಯಿತು. ಪಿ-ಓಪನ್ ಹಿಡಿಯುವುದು ಮುಖ್ಯ ಹೊರದಾರಿಯ ಮಾತನ್ನು ಮಾತ್ರ. ದೋಷದ ಮಾತು ಬೇಕಾದರೆ ಅದನ್ನೂ ಇತ್ತ ತಿರುಗಿಸಬೇಕೆಂದು ಆಜ್ಞೆಯಲ್ಲೇ ಹೇಳಬೇಕು.

ಹೊರಗಿನವರು ಕೊಟ್ಟ ಹೆಸರನ್ನು ಸೋಸದೆ ಶೆಲ್‌ಗೆ ಕಳಿಸುವುದು ಇನ್ನೊಂದು ಅಪಾಯ. ಕಡತದ ಹೆಸರಿನ ವೇಷದಲ್ಲಿ ಅಳಿಸುವ ಆಜ್ಞೆಯೇ ಬಂದರೂ ಶೆಲ್ ಅದನ್ನು ವಿನಯದಿಂದ ನೆರವೇರಿಸುತ್ತದೆ. ಅಧಿಕಾರದ ಹಂಚಿಕೆಯ ಬಗ್ಗೆ ರಿಚಿ ಆಳವಾಗಿ ಯೋಚಿಸಿದ್ದರು. ಸಾಮಾನ್ಯ ಬಳಕೆದಾರರು ಒಂದು ನಿರ್ದಿಷ್ಟ ಕೆಲಸದ ಮಟ್ಟಿಗೆ ಮಾತ್ರ ಬೇರೊಬ್ಬರ ಅಧಿಕಾರ ಪಡೆಯುವ ಉಪಾಯವನ್ನು ಅವರು ಕಂಡುಹಿಡಿದರು. 1973ರಲ್ಲಿ ಸಲ್ಲಿಸಿದ ಆ ಪೇಟೆಂಟ್ ಅರ್ಜಿಗೆ 1979ರಲ್ಲಿ ಮಾನ್ಯತೆ ದೊರೆಯಿತು. ಬಳಿಕ ಅದನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಲಾಯಿತು.

ಕನ್ನಡ ನಾಡಿನವರೆಗೆ

ಯುನಿಕ್ಸ್ ಭಾರತಕ್ಕೆ ಬಂದದ್ದು ಪ್ರಯೋಗಾಲಯಗಳ ಮೂಲಕವಷ್ಟೇ ಅಲ್ಲ. 1980ರ ದಶಕದ ಕೊನೆಯಿಂದ ಬ್ಯಾಂಕ್ ಶಾಖೆಗಳ ಗಣಕೀಕರಣದಲ್ಲಿ ಅದು ಮುಖ್ಯ ಪಾತ್ರ ವಹಿಸಿತು. ಹುಬ್ಬಳ್ಳಿ, ಧಾರವಾಡಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹಲವು ತಂಡಗಳ ವಿದ್ಯಾರ್ಥಿಗಳಿಗೆ ಗಣಕದ ಅಕ್ಷರಾಭ್ಯಾಸವಾದದ್ದು ಸಿ ಭಾಷೆಯಲ್ಲೇ. ಹಳ್ಳಿಯಿಂದ ಹೋದ ಮಕ್ಕಳು ಮೊದಲ ಬಾರಿ ಪರದೆಯ ಮೇಲೆ ಒಂದು ಸಾಲು ಮೂಡಿಸಿ ಹಿಗ್ಗಿದ್ದು ರಿಚಿಯವರ ಭಾಷೆಯಿಂದ.

ವಿಜ್ಞಾನದ ಲೆಕ್ಕಕ್ಕೆ ಕರ್ನಾಟಕ ಹೊಸದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿತು. ದೇಶದಲ್ಲಿ ಅದು ಆ ಬಗೆಯ ಮೊದಲನೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರ-ಟಿ, 2022ರಲ್ಲಿ ಪರಮ್ ಪ್ರವೇಗ ಮಹಾಗಣಕಗಳು ನೆಲೆಗೊಂಡವು. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿವೇಗದ 500 ಗಣಕಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸ್ ಆಧಾರಿತ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಯುನಿಕ್ಸ್ ಮಾದರಿಯನ್ನು ಅನುಸರಿಸಿ ಸಿ ಭಾಷೆಯಲ್ಲಿ ಬರೆದದ್ದು. ಆಂಡ್ರಾಯ್ಡ್ ಮೊಬೈಲುಗಳ ತಿರುಳೂ ಅದೇ.

ಸದ್ದಿಲ್ಲದ ಬಾಳು

1983ರಲ್ಲಿ ಥಾಂಪ್ಸನ್ ಮತ್ತು ರಿಚಿಯವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1998ರ ಸಾಲಿನ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ಇಬ್ಬರೂ 1999ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಂದ ಸ್ವೀಕರಿಸಿದರು. 2011ರಲ್ಲಿ ಜಪಾನ್ ಪ್ರಶಸ್ತಿಯೂ ಇಬ್ಬರಿಗೇ ಜಂಟಿಯಾಗಿ ಬಂತು. ಮನ್ನಣೆಯೆಲ್ಲ ಹೀಗೆ ಹಂಚಿಕೊಂಡೇ ಬಂದದ್ದು ರಿಚಿಯವರ ಸ್ವಭಾವಕ್ಕೂ ಒಪ್ಪುವಂತಿತ್ತು. ತಮ್ಮ ಇತಿಹಾಸ ಲೇಖನಗಳಲ್ಲಿ ಅವರು ಯಾವ ಕಲ್ಪನೆ ಯಾರದೆಂದು ಎಣಿಸಿ ಎಣಿಸಿ ಸಲ್ಲಿಸಿದ್ದಾರೆ. ಪೈಪ್ ಮೆಕಿಲ್ರಾಯ್ ಅವರದು, ಬಿ ಭಾಷೆ ಥಾಂಪ್ಸನ್ ಅವರದು ಎಂದು ಹೇಳುವಾಗ ತಮ್ಮ ಪಾಲನ್ನು ಹಿಗ್ಗಿಸಲಿಲ್ಲ. ಸಿ ಭಾಷೆಯ ಕುಂದುಗಳನ್ನೂ ತಾವೇ ಪಟ್ಟಿ ಮಾಡಿದ್ದಾರೆ.

ಮುಂದಿನ ವರ್ಷಗಳಲ್ಲಿ ಅವರು ಪ್ಲಾನ್ 9, ಇನ್‌ಫರ್ನೊ ಎಂಬ ಹೊಸ ವ್ಯವಸ್ಥೆಗಳ ಕೆಲಸಕ್ಕೆ ಬೆಂಬಲವಾಗಿ ನಿಂತರು. ಬೆಲ್ ಪ್ರಯೋಗಾಲಯದ ಒಡೆತನ ಲ್ಯೂಸೆಂಟ್‌ಗೆ ಹೋದರೂ ಅವರು ಅಲ್ಲೇ ಉಳಿದರು. 2007ರಲ್ಲಿ ನಿವೃತ್ತರಾದರು. ಸ್ವಂತ ಕಂಪನಿ ಕಟ್ಟಲಿಲ್ಲ, ವೇದಿಕೆ ಹುಡುಕಿಕೊಂಡು ಹೋಗಲಿಲ್ಲ. ಮದುವೆಯಾಗದೆ ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಒಬ್ಬರೇ ವಾಸವಾಗಿದ್ದರು. ಕೊನೆಯ ವರ್ಷಗಳಲ್ಲಿ ಕ್ಯಾನ್ಸರ್ ಮತ್ತು ಹೃದಯದ ಬೇನೆ ಅವರನ್ನು ಕಾಡಿದವು.

2011ರ ಅಕ್ಟೋಬರ್ 5ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳ ಮುಖಪುಟಗಳು ಆ ಸುದ್ದಿಗೇ ಮೀಸಲಾದವು. ಅಕ್ಟೋಬರ್ 12ರಂದು ರಿಚಿ ತಮ್ಮ ಮನೆಯಲ್ಲಿ ಮೃತರಾಗಿರುವುದು ಕಂಡುಬಂತು. ಅವರಿಗೆ 70 ವರ್ಷವಾಗಿತ್ತು. ಹಳೆಯ ಸಹೋದ್ಯೋಗಿ ರಾಬ್ ಪೈಕ್ ಅಂತರಜಾಲದಲ್ಲಿ ತಿಳಿಸಿದ ಮೇಲಷ್ಟೇ ಸುದ್ದಿ ಹರಡಿತು. ಜಾಬ್ಸ್ ಅವರ ಐಫೋನ್‌ನ ಕಾರ್ಯಾಚರಣಾ ವ್ಯವಸ್ಥೆಯೂ ಯುನಿಕ್ಸ್ ವಂಶದ್ದು, ಅದರ ತಿರುಳು ಸಿ ಭಾಷೆಯದು ಎಂಬುದನ್ನು ಆಗ ನೆನೆದವರು ಕಡಿಮೆ. ಅದೇ ನವೆಂಬರ್‌ನಲ್ಲಿ ಹೊರಬಂದ ಫೆಡೋರಾ ಲಿನಕ್ಸ್‌ನ 16ನೆಯ ಆವೃತ್ತಿಯನ್ನು ರಿಚಿಯವರ ಸ್ಮರಣೆಗೆ ಅರ್ಪಿಸಲಾಯಿತು.

ರಿಚಿಯವರು ಬಿಟ್ಟುಹೋದ ವ್ಯವಸ್ಥೆ, ಕೇಳುವ ಪ್ರೋಗ್ರಾಂಗೆ ಕಿವಿ ಕೊಟ್ಟಿತು, ಹೇಳುವ ಪ್ರೋಗ್ರಾಂಗೆ ಬಾಯಿ ಕೊಟ್ಟಿತು, ನಡುವೆ ಒಂದು ಕೊಳವೆ ಇಟ್ಟಿತು. ಬಂದ ಮಾತು ನಿಜವೇ, ಪೂರ್ತಿಯೇ, ಸಕಾಲದ್ದೇ ಎಂದು ವಿಚಾರಿಸುವ ಕೆಲಸವನ್ನು ಮಾತ್ರ ಮನುಷ್ಯರಿಗೇ ಬಿಟ್ಟಿತು. ಆ ಕೊನೆಯ ಸಂಖ್ಯೆ 0 ಹೌದೋ ಅಲ್ಲವೋ ಎಂದು ನೋಡುವುದಕ್ಕೆ ಪ್ರೋಗ್ರಾಂನಲ್ಲಿ ಬೇಕಾಗುವುದು ಎರಡೋ ಮೂರೋ ಸಾಲು. ಮಳೆ, ನದಿ, ಬೆಳೆಗಳ ಲೆಕ್ಕ ಹಾಕುವವರು ಆ ಸಾಲುಗಳನ್ನು ಬಿಡದೆ ಬರೆದಷ್ಟು ಕಾಲ ಅವರ ಫಲಿತಾಂಶವನ್ನು ಹೊಲದಲ್ಲಿ ನಿಂತವರು ನಂಬಬಹುದು.